ಡೋಲಿನ ಹಬ್ಬದ ಊಟ

“ನನ್ನದು ಊಟ ಆಗಿದೆ” ಎಂದು ಸಭಾಧ್ಯಕ್ಷನ ಗಾಂಭೀರ್ಯದಿಂದ ಸುಳ್ಳು ಹೇಳಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಊರು ಮುಟ್ಟಿಸಿಕೊಳ್ಳದೆ ದೂರವಿಟ್ಟಿದ್ದ ಪುತ್ತಿಗೆಯ ಕೊರಗರು ತಾವೇ ಸೇರಿ ನಡೆಸಿದ ಡೋಲಿನ ಹಬ್ಬವದು. ಊರವರೆಲ್ಲ ಉದಾರಿಗಳು: ಅಕ್ಕಿ ಗದ್ದೆಯೂ ಇದ್ದ ಶಾಲಾ ಮಾಸ್ಟ್ರಾದ ನನ್ನದು, ಪಾತ್ರೆ ಊರಿನ ಮುಸ್ಲಿಂ ಹಿರಿಯ ಅದ್ದು ಬ್ಯಾರಿಗಳದ್ದು, ತೆಂಗಿನಕಾಯಿ ಜಮೀನ್ದಾರರ ಗುತ್ತಿನ ಮನೆಯದ್ದು. ಆದರೆ ಕೊರಗರು ಬೇಯಿಸಿದ ಅನ್ನಕ್ಕೆ ಮಾತ್ರ ನಮ್ಮಲ್ಲಿ ಯಾರಿಗೂ ಹಸಿವಿರಲಿಲ್ಲ.

ಬಡಿಸಲು ನಿಂತಿದ್ದ ಐತಕ್ಕ ಖಾಲಿ ಎಲೆಗಳ ಸಾಲು ನೋಡಿ ಮೆಲ್ಲಗೆ ಹೇಳಿದರು: “ಅಕ್ಕಿ ನಿಮ್ಮದೇ, ಧಣಿ. ಬೇಯಿಸಿದ್ದು ಮಾತ್ರ ನಾವು.”

ಅಷ್ಟರಲ್ಲಿ ಅದ್ದು ಬ್ಯಾರಿಗಳು ಒಂದು ಎಲೆಯ ಮುಂದೆ ಕೂತು ನನ್ನ ಕೈ ಎಳೆದರು. “ಎರಡು ಸಲ ಉಂಡರೆ ಪೊಲೀಸರು ಹಿಡಿಯುವುದಿಲ್ಲ ಮಾಸ್ಟ್ರೇ, ಕೂತ್ಕೊಳ್ಳಿ ಮಾರಾಯ್ರೆ!”

ಕೂತೆ. ಊರವರೂ ಒಬ್ಬೊಬ್ಬರಾಗಿ ಬಂದು ಕೂತರು, ಪಂಕ್ತಿ ತುಂಬಿತು. ನನ್ನ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ಬಂದು ಉಣ್ಣಲು ನನಗೆ ಐವತ್ತು ವರ್ಷ ಹಿಡಿದಿತ್ತು.