ಬಾತುಕೋಳಿ ಮತ್ತು ನೀರು ಹೀರುವ ವಿಮಾನ

ಊರಿನ ನಲ್ಲಿಗಳಿಗೆ ನೀರು ಬರುವುದು ಜಲಾಶಯದಿಂದ. ಅಲ್ಲಿ ನೀರೆಳೆಯುವ ಕೊಳವೆಯ ಬಾಯಿಗೆ ಒಂದು ಕಬ್ಬಿಣದ ಜಾಲರಿ ಇದೆ. ಅದಕ್ಕೆ ಮೆತ್ತಿಕೊಳ್ಳುವ ಪಾಚಿ, ಕಳೆ, ಪ್ಲಾಸ್ಟಿಕ್ ಚೀಲಗಳನ್ನು ಕಿತ್ತು ತೆಗೆಯಲು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವವಳೇ ಬಾತುಕೋಳಿ. ಚಿಕ್ಕಂದಿನಲ್ಲಿ ಎಷ್ಟು ಕೂಗಿದರೂ ನೀರು ಬಿಟ್ಟು ಬರುತ್ತಿರಲಿಲ್ಲವೆಂದು ಅಪ್ಪ ಇಟ್ಟ ಹೆಸರು ಅದು. ಅಪ್ಪ ಹೋದ ಮೇಲೂ ಹೆಸರು ಉಳಿಯಿತು. ಅವಳು ಕೆಳಗಿರುವಾಗ ದೋಣಿಯಲ್ಲಿ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಕೂರುವವರು ಅವಳ ಚಿಕ್ಕಪ್ಪ. ಈ ಕೆಲಸದಲ್ಲಿ ಅವಳ ಎದೆ ಎಂದೂ ನಡುಗಿದ್ದಿಲ್ಲ.

ನಡುಗಿದ್ದು ಅಮ್ಮನ ಎದೆ. ಅಮ್ಮ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ. ಆ ಬೇಸಿಗೆ ಗುಡ್ಡದ ಕಾಡಿಗೆ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸುವ ವಿಮಾನಗಳು ಜಲಾಶಯದ ನೀರನ್ನು ಸವರಿಕೊಂಡೇ ಓಡಿ, ಹೊಟ್ಟೆ ತುಂಬಿಸಿಕೊಂಡು ಹಾರಿಹೋಗುತ್ತಿದ್ದವು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಯೊಬ್ಬ ಅಮ್ಮನಿಗೆ ಒಂದು ಸುದ್ದಿ ಹೇಳಿ ಹೋದ: ಎಲ್ಲೋ ದೂರದಲ್ಲಿ ಕಾಡು ಸುಟ್ಟು ತಣ್ಣಗಾದ ಮೇಲೆ, ಕರಕಲಾದ ಮರದ ತುದಿಯಲ್ಲಿ ಮುಳುಗುಗಾರನೊಬ್ಬನ ಹೆಣ ಸಿಕ್ಕಿತಂತೆ. ಮೈಮೇಲೆ ಈಜುಡುಗೆ, ಕಾಲಲ್ಲಿ ರಬ್ಬರ್ ರೆಕ್ಕೆ. ವಿಮಾನ ಅವನನ್ನು ನೀರಿನ ಸಮೇತ ಹೀರಿಕೊಂಡು ಬೆಂಕಿಗೆ ಸುರಿದಿತ್ತಂತೆ.

"ಅದನ್ನ ನೋಡಿದವರು ಯಾರಂತೆ?" ರಾತ್ರಿ ಊಟಕ್ಕೆ ಕೂತಾಗ ಬಾತುಕೋಳಿ ಕೇಳಿದಳು.

"ಆ ಗಿರಾಕಿ ಭಾವನ ಸ್ನೇಹಿತ."

"ಕಣ್ಣಾರೆ ನೋಡಿದ್ನಂತಾ?"

"ಅವನಿಗೂ ಯಾರೋ ಹೇಳಿದ್ದಂತೆ."

"ಸರಿ ಹೋಯ್ತು. ಮರದಿಂದ ಹೆಣ ಇಳಿಸಿದವರು ಮಾತ್ರ ಯಾರಿಗೂ ಸಿಕ್ಕಿಲ್ಲ."

"ಹಲ್ಲು ಕಿಸಿಬೇಡ. ಬೆಂಕಿ ಆರೋವರೆಗೆ ನೀನು ನೀರಿಗಿಳಿಯೋ ಹಾಗಿಲ್ಲ."

"ಜಾಲರಿ ಕಟ್ಟಿಕೊಂಡ್ರೆ ಊರಿಗೇ ನೀರಿಲ್ಲಮ್ಮ. ನಾಳೆ ನನ್ ಜೊತೆ ಬಾ, ಆ ವಿಮಾನಾನೇ ತೋರಿಸ್ತೀನಿ."

ಮರುದಿನ ತಾಯಿ ಮಗಳು ಬಸ್ಸು ಹತ್ತಿ ವಿಮಾನದ ಮೈದಾನಕ್ಕೆ ಹೋದರು. ಎಣ್ಣೆಗೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ಅಮ್ಮನನ್ನು ವಿಮಾನದ ಹೊಟ್ಟೆಯ ಕೆಳಗೆ ಕರೆದೊಯ್ದು, ನೀರು ಒಳಹೋಗುವ ಕಿಂಡಿ ತೋರಿಸಿದ. ಅಮ್ಮ ಮಂಡಿಯೂರಿ ಕೂತು ಕಿಂಡಿಯೊಳಗೆ ಕೈ ತೂರಿಸಿದಳು. ಮೊಣಕೈ ತನಕ ಹೋಗಿ ನಿಂತಿತು. ಊರಿನ ಅರ್ಧ ಜನರ ಮೈ ಅಳೆದವಳಿಗೆ ಟೇಪು ಬೇಕಾಗಲಿಲ್ಲ.

"ಇವಳ ತಲೆ ಇದರಲ್ಲಿ ಹಿಡಿಸಲ್ಲ."

"ಒಳಗೆ ತಡೆಜಾಲರಿ ಬೇರೆ ಇದೆ. ದೊಡ್ಡ ಮೀನೂ ದಾಟಲ್ಲಮ್ಮ," ಅಂದ ಮೆಕ್ಯಾನಿಕ್.

ಬಾತುಕೋಳಿ ಗೆದ್ದ ಮುಖ ಮಾಡಿದಳು. ಅಮ್ಮ ಮಾತ್ರ ಎದ್ದು, ವಿಮಾನವನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿದಳು.

"ಹೀರೋದು ಹಾಗಿರಲಿ. ಇಷ್ಟು ದೊಡ್ಡದು ನೀರ ಮೇಲೆ ಓಡಿ ಬರುವಾಗಲೇ ಇವಳು ತಲೆ ಎತ್ತಿದ್ರೆ?"

ಬಾತುಕೋಳಿಯ ನಗು ಇಳಿಯಿತು. ಕಟ್ಟುಕಥೆಯನ್ನು ಆಡಿಕೊಳ್ಳುವ ಭರದಲ್ಲಿ ನಿಜವಾದ ಅಪಾಯದ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ.

"ಅದಕ್ಕೊಂದು ದಾರಿ ಮಾಡೋಣ," ಅಂದಳು, ಗಂಭೀರವಾಗಿ.

ದಾರಿ ಅಲ್ಲೇ ನಿಂತು ಆಯಿತು. ಮೆಕ್ಯಾನಿಕ್ ಪೈಲಟ್‌ಗಳನ್ನು ಕರೆಸಿದ. ನೀರಿನೊಳಗೆ ಆಳು ಇದ್ದಾಗ ದೋಣಿಯ ಮೇಲೆ ಕಿತ್ತಳೆ ಬಣ್ಣದ ದೊಡ್ಡ ಬಾವುಟ ಹಾರಬೇಕು, ಬಾವುಟ ಕಂಡರೆ ವಿಮಾನ ಜಲಾಶಯದ ಆಚೆ ತುದಿಯಲ್ಲೇ ನೀರು ತುಂಬಬೇಕು. ಬಾವುಟವನ್ನು ಅಮ್ಮನೇ ಹೊಲಿದಳು, ಗಾಳಿಗೆ ಬಿಚ್ಚದಂತೆ ಜೋಡಿ ಹೊಲಿಗೆ ಹಾಕಿ.

ಆರುತ್ತ ಬಂದಿದ್ದ ಬೆಂಕಿ ಮುಂದಿನ ವಾರವೇ ಮತ್ತೆ ಹೊತ್ತಿತು. ಬಾತುಕೋಳಿ ಆಳದಲ್ಲಿ ಕಳೆ ಕೀಳುತ್ತಿದ್ದಾಗ ನೀರಿನೊಳಗೂ ಗುಂಯ್‌ಗುಡುವ ಸದ್ದು ಮುಟ್ಟಿತು. ಹಗ್ಗ ಬಲವಾಗಿ ಜಗ್ಗಿತು: ಮೇಲೆ ಬರಬೇಡ. ಅವಳು ಜಾಲರಿಯ ಕಂಬಿಗೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಕೆಲಸ ಮುಂದುವರಿಸಿದಳು. ಎದೆ ಒಂದಿಷ್ಟು ಬಡಿದುಕೊಂಡಿತು, ಕೈ ನಿಲ್ಲಲಿಲ್ಲ. ಸದ್ದು ದೂರದಲ್ಲೇ ಹಾಯ್ದು ಹೋಯಿತು.

ಹಗ್ಗ ಸಡಿಲಾದ ಮೇಲೆ ಅವಳು ದೋಣಿಯ ಪಕ್ಕ ತಲೆ ಎತ್ತಿದಳು. ಚಿಕ್ಕಪ್ಪನ ಮುಖ ಬೆವೆತಿತ್ತು.

"ಆಚೆ ತುದೀಲೇ ತುಂಬಿಸ್ಕೊಂಡು ಹೋದ. ಹೋಗ್ತಾ ಪೈಲಟ್ ಕೈ ಬೀಸಿದ," ಅಂದರು.

"ನೀವೂ ಬೀಸಿದ್ರಾ?"

"ಎರಡು ಕೈಯಲ್ಲೂ ಹಗ್ಗ ಇತ್ತಲ್ಲ. ತಲೆ ಆಡಿಸಿದೆ."

ಜಾಲರಿಯ ಅರ್ಧ ಇನ್ನೂ ಉಳಿದಿತ್ತು. ಅವಳು ಮುಖಗವಸು ಸರಿಮಾಡಿಕೊಂಡು ಮತ್ತೆ ಕೆಳಗಿಳಿದಳು.