ಬಿಸಿನೀರು ತಡೆಯುತ್ತದೆ ಎಂದಿದ್ದೆ

ಮೂವತ್ತು ವರ್ಷ ನಾನು ಒಡೆದ ಪ್ಲಾಸ್ಟಿಕ್ ಬೆಸೆದು ಬದುಕಿದವನು. ಯಮಕನಮರಡಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ನನ್ನ ತಗಡಿನ ಅಂಗಡಿ. ನೀರಿನ ಟಾಕಿ, ಔಷಧ ಹೊಡೆಯುವ ಪಂಪು, ಲಾರಿಯ ಬಂಪರು, ಏನೇ ಬಂದರೂ ಕಾದ ಕಬ್ಬಿಣದಿಂದ ಬಿರುಕನ್ನು ಕರಗಿಸುವುದು, ಹಳೆಯ ಟಾಕಿಯಿಂದ ಕೊಯ್ದ ಪಟ್ಟಿಯನ್ನು ಅದರೊಳಗೆ ಒತ್ತುವುದು. ಇಷ್ಟೇ ವಿದ್ಯೆ. ಹತ್ತನೆಯ ತರಗತಿಯವರೆಗೆ ಓದಿದ್ದೇನೆ, ಆದ್ದರಿಂದ ಇದನ್ನು ನಾನೇ ಬರೆಯುತ್ತಿದ್ದೇನೆ. ಬೇರೆಯವರಿಗೆ ಹೇಳಿ ಬರೆಸಿದ್ದರೆ ಅವರ ಮುಖ ನೋಡುತ್ತ ತಪ್ಪನ್ನು ಸ್ವಲ್ಪ ಸಣ್ಣದು ಮಾಡಿಬಿಡುತ್ತಿದ್ದೆ.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ದಿನ ಅಂಗಡಿಯ ಮುಂದೆ ಮನೆಗಾಡಿಯೊಂದು ಬಂದು ನಿಂತಿತು. ನಡೆಸಿಕೊಂಡು ಬಂದವನು ತುಕ್ಕಾನಟ್ಟಿಯವನು. ಕಬ್ಬು ಕಡಿಯುವ ಯಂತ್ರ ಓಡಿಸುತ್ತಿದ್ದ. ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ತಿರುಗಬೇಕಲ್ಲ, ಅದಕ್ಕೆ ಗೋವಾ ಕಡೆ ಪ್ರವಾಸಿಗರು ಬಿಟ್ಟುಹೋದ ಈ ಹಳೆಯ ಗಾಡಿ ಕೊಂಡಿದ್ದ. ಒಳಗೆ ಮಲಗಲು ಹಲಗೆ, ಅಡುಗೆಯ ಕಟ್ಟೆ, ಹಿಂದುಗಡೆ ಕಾಲು ಚಾಚಿ ಕೂಡುವಷ್ಟು ಉದ್ದದ ಸ್ನಾನದ ಗೂಡು. ಆ ಗೂಡಿನ ನೆಲವೇ ಒಂದು ಬಿಳಿಯ ಪ್ಲಾಸ್ಟಿಕ್ ಟ್ರೇ. ನೀರು ಹೋಗುವ ತೂತಿನಿಂದ ಮೂಲೆಯವರೆಗೆ ಗೇಣುದ್ದ ಸೀಳಿತ್ತು.

ಅವನ ಜೊತೆ ಅವನ ತಾಯಿ, ಹೆಂಡತಿ, ಇನ್ನೂ ತಿಂಗಳು ತುಂಬದ ಕೂಸು. ಸೊಸೆಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಕೈಯಲ್ಲಿ, ಗಾಡಿಯಲ್ಲೇ.

"ನಮ್ಮ ಮಾವ ಕುರಿ ಹಿಂದ ಅಡ್ಡಾಡಿದ, ನನ್ನ ಮಗ ಮಷೀನ್ ಹಿಂದ ಅಡ್ಡಾಡತಾನ," ಎಂದಳು ಮುದುಕಿ. "ಈ ಮನಿತನಕ್ಕ ಒಂದ ಕಡೆ ಕುಂದ್ರೂದು ಬರಂಗಿಲ್ಲ ನೋಡಣ್ಣ."

ಪಕ್ಕದ ಹೋಟೆಲಿನ ಚಹಾದ ಮಂದಿ ಗಾಡಿ ನೋಡಲು ಕೂಡಿದರು. ಒಬ್ಬ ಕೆಣಕಿದ: "ಕಾಕಾ, ಇದು ಪರದೇಶಿ ಮಾಲ್ ಐತಿ. ಟಾಕಿಗೆ ತ್ಯಾಪಿ ಹಚ್ಚಿದಂಗ ಅಲ್ಲ."

"ಕರಗೂದೆಲ್ಲಾ ನನಗ ಒಂದ," ಎಂದೆ. "ಮಧ್ಯಾನದಾಗ ಮುಗಿಸಿ ಕೊಡ್ತೀನಿ."

ಎಲ್ಲರೆದುರು ಹಾಗೆ ಹೇಳಿ ಒಳಗೆ ಹೋಗಿ ಕೂತೆ. ಟ್ರೇಯನ್ನು ಅಂಗೈಯಿಂದ ಒತ್ತಿದಾಗ ಬಿರುಕಿನ ಎರಡು ಅಂಚುಗಳು ಮೇಲೆ ಕೆಳಗೆ ಆಡಿದವು. ಬಡಿದೆ, ಟೊಳ್ಳು ಸದ್ದು ಬಂತು. ಅದು ಯಾಕೆ ಒಡೆದಿದೆ ಎಂಬುದು ಆಗಲೇ ತಿಳಿಯಿತು. ಟ್ರೇಯ ಕೆಳಗೆ ಆಸರೆಯಿಲ್ಲ. ಸರಿಯಾಗಿ ಮಾಡಬೇಕೆಂದರೆ ಸುತ್ತಲಿನ ಹಲಗೆ ಬಿಚ್ಚಿ, ಟ್ರೇ ಎತ್ತಿ, ಅಡಿಗೆ ಗಟ್ಟಿ ಹಲಗೆ ಕೂಡಿಸಿ, ಬಿರುಕನ್ನು ಕೆಳಗಿನಿಂದ ಬೆಸೆಯಬೇಕು. ಒಂದೂವರೆ ದಿನದ ಕೆಲಸ. ಆದರೂ ಟಾಕಿಯ ಪಟ್ಟಿ ಕರಗಿಸಿ ಮೇಲಿನಿಂದಲೇ ಒತ್ತಿ ನೋಡಿದೆ. ಆರಿದ ಕೂಡಲೇ ಅದು ಒಣಗಿದ ಹಪ್ಪಳದಂತೆ ಎದ್ದುಬಂತು. ಪ್ಲಾಸ್ಟಿಕ್ಕಿನ ಜಾತಿಯೇ ಬೇರೆ.

ಹೊರಗೆ ಬಂದು, ಇದು ಇವತ್ತು ಆಗುವುದಿಲ್ಲ ಎಂದು ಹೇಳಬಹುದಿತ್ತು. ಚಹಾದ ಮಂದಿ ಇನ್ನೂ ನಿಂತಿದ್ದರು. ನಾನು ಬಾಗಿಲು ಎಳೆದುಕೊಂಡೆ. ಬಿರುಕಿನ ಮೇಲೆ ಜಾಳಿಗೆ ಬಟ್ಟೆ ಹಾಸಿ, ಪೈಪು ಸೋರಿದಾಗ ಮೆತ್ತುವ ಲಪ್ಪ ಬಳಿದು, ಉಜ್ಜಿ, ಬಿಳಿ ಬಣ್ಣ ಹೊಡೆದೆ. ನೋಡಿದರೆ ಹೊಸ ಟ್ರೇ.

ಮುದುಕಿ ಒಳಗೆ ಇಣುಕಿ ಕೇಳಿದಳು: "ಕೂಸಿಗಿ ಎರಿಯೂದ ಇದರಾಗ. ನಾ ಸುಡುಸುಡು ನೀರ ಹಾಕಾಕಿ. ತಡೀತೈತೇನಣ್ಣ?"

ಆ ಲಪ್ಪ ಬಿಸಿಗೆ ಮೆತ್ತಗಾಗುತ್ತದೆ. ಅದು ನನಗೆ ಗೊತ್ತಿತ್ತು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಎಂಥ ನೀರು ಸುರಿಯುತ್ತಾರೆ ಎಂಬುದೂ ಗೊತ್ತಿತ್ತು. ಎರೆಯುವವಳು ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಪಕ್ಕದಲ್ಲಿ ಹೊಗೆಯಾಡುವ ನೀರಿಟ್ಟುಕೊಂಡು ಅರ್ಧ ತಾಸು ಏಳುವುದಿಲ್ಲ. ನನ್ನ ತಾಯಿ ನನ್ನ ಮಕ್ಕಳಿಗೆ ಹಾಗೆಯೇ ಎರೆದವಳು.

"ಹಂಡೆದಾಗಿನ ನೀರ ಸುರುವ್ರಿ, ಏನೂ ಆಗಂಗಿಲ್ಲ," ಎಂದೆ. "ಇವತ್ತೊಂದ ದಿನ ಆರಾಕ ಬಿಡ್ರಿ, ಸಾಕು."

ಮೂರನೆಯ ದಿನ ಮುಂಜಾನೆ ಕೊಣ್ಣೂರಿನಲ್ಲಿ ಯಾರದೋ ಟಾಕಿ ನೋಡಲು ಹೋಗುತ್ತಿದ್ದೆ. ಹೊಲದ ದಂಡೆಗೆ ಆ ಗಾಡಿ ಕಂಡಿತು. ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮುದುಕಿ ಕೂಸಿಗೆ ಎಣ್ಣೆ ತಿಕ್ಕಿ ಒಳಗೆ ಒಯ್ಯುತ್ತಿದ್ದಳು.

"ನಿನ್ನ ಟ್ರೇ ಗಟ್ಟಿ ಐತಣ್ಣ," ಎಂದು ನಕ್ಕಳು. "ನಿಂದರು, ಕೂಸಿಗಿ ಎರದ ಚಾ ಮಾಡ್ತೀನಿ."

ನನಗೆ ಹಿಗ್ಗಾಯಿತು. ಇದನ್ನೂ ಬರೆಯಬೇಕು. ಎರಡು ದಿನ ನಿಂತಿದೆ, ಇನ್ನು ನಿಲ್ಲುತ್ತದೆ ಅಂದುಕೊಂಡು ಬೈಕಿನ ಮೇಲೆ ಕೂತೇ ಇದ್ದೆ. ಒಳಗೆ ನೀರು ಸುರಿಯುವ ಸದ್ದು, ಕೂಸಿನ ಅಳು, ಮುದುಕಿಯ ಲಾಲಿ. ಆಮೇಲೆ ಒಣ ಹಲಗೆ ಮುರಿದಂಥ ಒಂದು ಸದ್ದು. ಅಳು ನಿಂತುಹೋಯಿತು.

ಸೊಸೆ ಓಡಿದಳು, ಅವಳ ಹಿಂದೆ ನಾನು. ಟ್ರೇ ನಡುವೆ ಬಾಯಿ ಬಿಟ್ಟಿತ್ತು. ಮುದುಕಿ ಸೊಂಟದವರೆಗೆ ಅದರೊಳಗೆ ಕುಸಿದಿದ್ದಳು. ಅಂಚು ತೊಡೆಗೆ ಹೊಕ್ಕಿತ್ತು, ಬಿಸಿನೀರಿನ ಬಕೆಟ್ಟು ಕಾಲಿನ ಮೇಲೆ ಮಗುಚಿತ್ತು, ಹೊಗೆ ಏಳುತ್ತಿತ್ತು. ಎರಡೂ ಕೈ ತಲೆಯ ಮೇಲೆ ಎತ್ತಿದ್ದಳು. ಆ ಕೈಗಳಲ್ಲಿ ಕೂಸು, ಬಾಯಿ ತೆರೆದುಕೊಂಡು, ಉಸಿರು ಕಟ್ಟಿದಂತೆ. ಅವಳು ಕೂಗಲೂ ಇಲ್ಲ. "ಹಿಡೀ," ಎಂದಳು, ಅಷ್ಟೇ. ಸೊಸೆ ಕೂಸನ್ನು ಎಳೆದುಕೊಂಡ ಮೇಲೆ ಅದು ಅತ್ತಿತು. ಅಲ್ಲಿಯವರೆಗೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ಮಗ ಹೊಲದಿಂದ ಓಡಿಬಂದ. ತಾಯಿಯನ್ನು ಎತ್ತುತ್ತ ಎತ್ತುತ್ತಲೇ ಬೈದ: "ಎಷ್ಟ ಸಲ ಹೇಳೀನಿ, ಅಷ್ಟ ಸುಡೂ ನೀರ ಬ್ಯಾಡ ಅಂತ? ಕೂಸ ಸತ್ತಿದ್ರ?"

"ನಂದ ತಪ್ಪಾತಪಾ," ಎಂದಳು ಅವಳು.

ಅವನು ನನ್ನ ಕಡೆ ತಿರುಗಿದ. "ನೀವರೆ ಹೇಳ್ರಿ ಕಾಕಾ. ಇಂಥಾ ನೀರಿಗೆ ಯಾವ ಪ್ಲಾಸ್ಟಿಕ್ ತಡೀತೈತಿ?"

"ತಡಿಯಂಗಿಲ್ಲ," ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಮಗನ ತೋಳಿನಲ್ಲಿದ್ದ ಮುದುಕಿ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹಿಂದೆ ಹೇಳಿದ್ದು ಅವಳಿಗೆ ನೆನಪಿತ್ತೋ, ತಾನೇ ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡಳೋ, ಮತ್ತೆ ತಲೆ ತಗ್ಗಿಸಿದಳು.

ಅವರು ಅವಳನ್ನು ಗೋಕಾಕದ ಆಸ್ಪತ್ರೆಗೆ ಒಯ್ದರು. ನಾನು ಅಲ್ಲೇ ಉಳಿದು ಟ್ರೇ ಬಿಚ್ಚಿದೆ. ನನ್ನ ತೇಪೆ ಇನ್ನೂ ಬೆಚ್ಚಗಿತ್ತು, ನಾದಿದ ಹಿಟ್ಟಿನಂತೆ ಬೆರಳಿಗೆ ಮೆತ್ತಿತು. ಯಾರೂ ನೋಡುವ ಮೊದಲು ಅದನ್ನು ಕಬ್ಬಿನ ರವದಿಯಲ್ಲಿ, ಒಣ ಎಲೆಗಳ ರಾಶಿಯೊಳಗೆ ಎಸೆದೆ. ಮರುದಿನವೂ ಬಂದು ಅಡಿಗೆ ಹಲಗೆ ಕೂಡಿಸಿ, ಅದೇ ಜಾತಿಯ ಪ್ಲಾಸ್ಟಿಕ್ ಹುಡುಕಿ ತಂದು, ಕೆಳಗಿನಿಂದ ಬೆಸೆದೆ. ಮೊದಲೇ ಮಾಡಬೇಕಿದ್ದ ಕೆಲಸ. ಮಗ ಕೈಮುಗಿದು, "ಭಾಳ ಉಪಕಾರ ಆತ್ರಿ ಕಾಕಾ," ಎಂದ. ನಾನು ಆ ಉಪಕಾರವನ್ನೂ ಹೊತ್ತುಕೊಂಡು ಮನೆಗೆ ಬಂದೆ.

ಹದಿನೈದು ದಿನದ ಮೇಲೆ ಅವನು ಯಂತ್ರದ ಸಾಮಾನಿಗೆಂದು ನಮ್ಮೂರಿಗೆ ಬಂದಾಗ ಅಂಗಡಿಗೂ ಬಂದ. ಗಾಡಿ ಈಗ ಹುಕ್ಕೇರಿಯ ಹತ್ತಿರ ನಿಂತಿದೆಯಂತೆ. ತಾಯಿ ಹೇಗಿದ್ದಾಳೆ ಎಂದು ಕೇಳಿದೆ.

"ಗಾಯ ಮಾಯಾಕತ್ತೈತ್ರಿ. ಆದ್ರ ನಮ್ಮಾಕಿ ಕೂಸಿನ್ನ ಅವ್ವನ ಕೈಯಾಗ ಕೊಡಾಕ ಅಂಜತಾಳ. ಅವ್ವನೂ ಮುಟ್ಟವಲ್ಲಳು. ನನ್ನ ಕೈಗೆ ಬುದ್ಧಿ ಇಲ್ಲ ಅಂತಾಳ. ನಾಳೆ ಮೂಡಲಗಿಗೆ ಅಕ್ಕನ ಮನಿಗೆ ಬಿಟ್ಟ ಬರ್ತೀನಿ. ಇಬ್ಬರಿಗೂ ಸುಖ."

ಮರುದಿನ ಮುಂಜಾನೆ ಅವರು ಹೊರಡುವ ಮೊದಲೇ ನಾನು ಗಾಡಿಯ ಹತ್ತಿರ ಇದ್ದೆ. ಮುದುಕಿ ಗಾಡಿಯ ಹೊರಗೆ ಗಂಟು ಕಟ್ಟಿಕೊಂಡು ಕೂತಿದ್ದಳು. ಒಳಗೆ ಸೊಸೆ ಕೂಸಿಗೆ ತಂಬಿಗೆಯಿಂದ ಹೆದರಿ ಹೆದರಿ ನೀರು ಹಾಕುತ್ತಿದ್ದಳು, ಅದು ಕಿರುಚುತ್ತಿತ್ತು. ಮೂವರನ್ನೂ ಕರೆದು ಎಲ್ಲವನ್ನೂ ಹೇಳಿದೆ. ಟೊಳ್ಳು ಸದ್ದು, ಎದ್ದುಬಂದ ಪಟ್ಟಿ, ಲಪ್ಪ, ಬಣ್ಣ. ಗೊತ್ತಿದ್ದೂ ತಡೆಯುತ್ತದೆ ಎಂದಿದ್ದು. ಆಮೇಲೆ ತಡೆಯುವುದಿಲ್ಲ ಎಂದಿದ್ದು.

ಮಗ ನನ್ನ ಕೊರಳಪಟ್ಟಿ ಹಿಡಿದ. "ಮುದುಕ ಅದಿ. ಅದಕ್ಕ ಉಳದಿ," ಎಂದು ಬಿಟ್ಟ.

"ಎರಡ ವಾರ ನನ್ನ ಕೈನ ನಾ ಬೈಕೊಂತ ಕುಂತೀನಿ," ಎಂದಳು ಮುದುಕಿ. "ನಿನಗ ಗೊತ್ತಿತ್ತಂದಿ."

"ಗೊತ್ತಿತ್ತು."

ಅವಳ ಗಾಯದ ಕಾಲು ಇನ್ನೂ ಚಾಚಲು ಬರುತ್ತಿರಲಿಲ್ಲ. ಸೊಸೆ ಒಳಗೆ ಹೋಗಿ ಟ್ರೇಯಲ್ಲಿ ತಾನೇ ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು ಕರೆದಳು: "ಅತ್ತಿ, ನೀರ ನೀವ ಹಾಕ್ರಿ. ನನಗ ಬರವಲ್ಲದು."

ಮುದುಕಿ ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಮೆಟ್ಟಿಲು ಹತ್ತಲು ನಾನು ಕೈ ಚಾಚಿದೆ. ಅದನ್ನು ಹಿಡಿಯಲಿಲ್ಲ.

"ನೀ ಇನ್ನ ಹೋಗು," ಎಂದು ಒಳಗೆ ಹೋದಳು.

ಬೈಕಿನ ಹತ್ತಿರ ಬಂದು ನಿಂತೆ. ಒಳಗೆ ನೀರು ಬೀಳುವ ಸದ್ದು ಕೇಳಿಸಿತು, ಕೂಸಿನ ಕಿರುಚಾಟ ಸಣ್ಣದಾಯಿತು. ಮಗ ಗಂಟನ್ನು ಎತ್ತಿ ಗಾಡಿಯೊಳಗೆ ಇಟ್ಟ. ನಾನು ಹೊರಟೆ.