ಲಾರಿಗಳು ನಿಂತ ಮೂರು ದಿನ

ಮರಿಯಮ್ಮನಹಳ್ಳಿಯ ನಮ್ಮ ಶಾಲೆಯ ಹಿಂಗೋಡೆಗೂ ಹೆದ್ದಾರಿಗೂ ನಡುವೆ ಇದ್ದದ್ದು ಒಂದು ಚರಂಡಿ, ಒಂದು ಬೇವಿನ ಮರ, ಅಷ್ಟೇ. ಸಂಡೂರಿನ ಅದಿರು ಹೊತ್ತ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದ ಕಾಲ. ನಮ್ಮ ಪುಸ್ತಕ, ಊಟದ ಡಬ್ಬಿ, ಹುಬ್ಬು ಎಲ್ಲವೂ ಕೆಂಪು. ಬಾಲ್ಯ ಅಂದರೆ ಇವತ್ತಿಗೂ ನನ್ನ ಮೂಗಿಗೆ ಮೊದಲು ಬರುವುದು ಆ ಧೂಳಿನ ವಾಸನೆ. ಅದರ ಮೇಲೂ ಪ್ರೀತಿಯಿದೆ, ಏನು ಮಾಡುವುದು!

ಏಳನೇ ತರಗತಿಯ ಗಣಿತದ ಸರ್‌ಗೆ ಒಂದು ರೂಢಿಯಿತ್ತು. ಲಾರಿ ಬಂದರೆ ಸೀಮೆಸುಣ್ಣ ಎತ್ತಿ ಹಿಡಿದು ಸುಮ್ಮನಾಗುವರು, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವರು. ಲಾರಿಗಳು ಹೆಚ್ಚಾದಂತೆ ಹಾಗೆ ನಿಲ್ಲಿಸಿದರೆ ಪಾಠ ಮುಗಿಯದು ಎಂದಾಯಿತು. ಗದ್ದಲದಲ್ಲೇ ಹೇಳಿ ಮುಗಿಸಿ, "ತಿಳೀತೇನ್ರಲೇ?" ಅನ್ನತೊಡಗಿದರು. ನಾವೆಲ್ಲ ಸೂರು ಹಾರಿಹೋಗುವಂತೆ "ತಿಳೀತ್ರೀ ಸರ!" ಎಂದು ಕೂಗುತ್ತಿದ್ದೆವು. ಮುಂದಿನ ಬೆಂಚಿನ ನನಗೇ ಅರ್ಧ ಕೇಳಿಸಿರುತ್ತಿರಲಿಲ್ಲ. ಕೂಗಲು ತಿಳಿದಿರಲೇಬೇಕೆಂದು ಯಾರು ಹೇಳಿದರು?

ಕೂಗದವಳು ಒಬ್ಬಳೇ, ನನ್ನ ಗೆಳತಿ. ಎತ್ತರದ ಹುಡುಗಿಯಾದ್ದರಿಂದ ಹಿಂಗೋಡೆಗೆ ತಾಗಿದ ಕೊನೆಯ ಬೆಂಚು ಅವಳದು. ಸುಳ್ಳು ಅವಳ ಬಾಯಿಗೆ ಬರುತ್ತಿರಲಿಲ್ಲ. ಆ ಮೌನ ನೋಡಿ ಸರ್ ಅವಳನ್ನು ದಡ್ಡಿ ಎಂದುಕೊಂಡರು. ಅರ್ಧವಾರ್ಷಿಕದಲ್ಲಿ ಗಣಿತ ಫೇಲಾಯಿತು. ಹೊಲದ ಕೂಲಿಗೆ ಹೋಗುವ ಅವಳ ತಾಯಿ ಬಂದು ಕೇಳಿದಾಗ, "ತಲಿಗೆ ಹತ್ತವಲ್ದವ್ವ" ಎಂದುಬಿಟ್ಟರು.

"ಹಂಗಾರ ಸೋಮವಾರ ಬಂದು ಬಿಡಿಸ್ಕೊಂಡು ಹೋಗ್ತೀನ್ರಿ. ನನ್ನ ಜೋಡಿ ಕೆಲಸಕ್ಕಾರ ಬರ್ಲಿ" ಎಂದಳು ತಾಯಿ. ಗೆಳತಿ ಅಂದು ಊಟದ ಡಬ್ಬಿ ತೆರೆಯಲಿಲ್ಲ.

ಮರುದಿನ, ಗುರುವಾರ, ಲಾರಿಯವರ ಮುಷ್ಕರ ಶುರುವಾಯಿತು. ರಸ್ತೆ ಬಿಕೋ ಎಂದಿತು. ಬೇವಿನ ಮರದಲ್ಲಿ ಗಿಳಿಗಳಿವೆ ಎಂದು ನಮಗೆ ಗೊತ್ತಾದದ್ದೇ ಅವತ್ತು. ಅರಚಿ ರೂಢಿಯಾದ ಸರ್ ತಮ್ಮ ದನಿಗೆ ತಾವೇ ಬೆಚ್ಚಿ, ಮೆಲ್ಲಗೆ ಅನುಪಾತದ ಪಾಠ ಹೇಳಿದರು. ಅಷ್ಟು ಚಂದದ ಪಾಠ ನಾನು ಮತ್ತೆ ಕೇಳಿಲ್ಲ.

ಶನಿವಾರ ಹಲಗೆಯ ಮೇಲೆ ಒಂದು ಕಠಿಣ ಲೆಕ್ಕ ಬರೆದು, "ಯಾರ್ ಮಾಡ್ತೀರಿ?" ಎಂದರು. ನಾವು ಮುಂದಿನ ಬೆಂಚಿನವರು ನೆಲ ನೋಡಿದೆವು. ಗೆಳತಿ ಹಿಂದಿನಿಂದ ಎದ್ದು ಬಂದು, ಎಲ್ಲೂ ತಡೆಯದೆ ಲೆಕ್ಕ ಬಿಡಿಸಿದಳು.

"ಇಷ್ಟ್ ದಿನ ಯಾಕ ಮಾಡಲಿಲ್ಲವ್ವಾ?"

"ಈಗ ಕೇಳಿಸ್ತ್ರೀ ಸರ."

ಸರ್ ಹೋಗಿ ಅವಳ ಕೊನೆಯ ಬೆಂಚಿನಲ್ಲಿ ಕೂತು, ಅಲ್ಲಿಂದ ಹಲಗೆಯನ್ನು ನೋಡಿದರು.

ಭಾನುವಾರವೇ ಮುಷ್ಕರ ಮುಗಿದಿತ್ತು; ಸೋಮವಾರ ಲಾರಿಗಳ ಗದ್ದಲ ತರಗತಿಗೆ ಮರಳಿ ಬಂತು. ಸರ್ ಹಲಗೆಯನ್ನು ಮೊಳೆಯಿಂದ ಇಳಿಸಿ, ಹೊತ್ತೊಯ್ದು ಹಿಂಗೋಡೆಗೆ ಆನಿಸಿ ನಿಲ್ಲಿಸಿದರು. "ಎಲ್ಲಾರೂ ಈ ಕಡೆ ಹೊಳ್ಳಿ ಕುಂದ್ರಿ" ಎಂದರು. ಒಂದೇ ಗಳಿಗೆಯಲ್ಲಿ ಅವಳ ಬೆಂಚು ಮೊದಲನೆಯದಾಯಿತು, ನನ್ನದು ಕೊನೆಯದು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅವಳ ತಾಯಿ ಬಾಗಿಲಲ್ಲಿ ನಿಂತಿದ್ದಳು. ಸರ್ ಅವಳ ಹತ್ತಿರ ಹೋಗಿ, ಲಾರಿಯ ಸದ್ದನ್ನೂ ಮೀರಿ, ತರಗತಿಗೆಲ್ಲ ಕೇಳುವಂತೆ ಹೇಳಿದರು: "ತಪ್ಪು ನಂದವ್ವ. ನಿನ್ನ ಮಗಳು ಭಾಳ ಶಾಣ್ಯಾಕಿ. ಕರಕೊಂಡು ಹೋಗಬ್ಯಾಡ."

ತಾಯಿ ಮಗಳನ್ನು ನೋಡಿದಳು. ಮಗಳು ತಲೆಯೆತ್ತದೆ ಲೆಕ್ಕ ಬರೆಯುತ್ತಿದ್ದಳು. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಒಬ್ಬಳೇ ತಿರುಗಿ ಹೋದಳು.